ದೊಡ್ಡದಾ, ಡೀಟೇಲಾ? 60 ಸೆಂಟಿಮೀಟರ್ ಶೆಲ್ಫು, ಐದು ನೌಕೆಗಳು

ಪೋಸ್ಟ್ 1: ಐದೂ ಒಟ್ಟಿಗೆ, ಒಂದೇ ಟೇಬಲ್

"ಇದರಲ್ಲಿ ಯಾವುದು ಬೆಸ್ಟ್?" ಅಂತ ಡಿಎಂನಲ್ಲಿ ಕೇಳ್ತಾನೇ ಇದ್ದೀರಿ. ಕ್ಲಾಸಿನವರಂತೂ ಕ್ಯಾಂಟೀನ್‌ನಲ್ಲೂ ಬಿಡ್ತಿಲ್ಲ. ಅದಕ್ಕೇ ಈ ಸರಣಿ. ಐದು ಕಿಟ್, ಒಂದು ಟೇಬಲ್, ಒಂದು ಅಳತೆಪಟ್ಟಿ. ಎಡದಿಂದ ಬಲಕ್ಕೆ ಸ್ವೈಪ್ ಮಾಡ್ತಾ ಓದಿ.

ಬಂದಾಯ್ ಎಕ್ಸ್-ವಿಂಗ್, 1/72: 17 ಸೆಂ.ಮೀ.
ಬಂದಾಯ್ ಎಕ್ಸಿಕ್ಯೂಟರ್, 1/100000: 19 ಸೆಂ.ಮೀ.
ಬಂದಾಯ್ ಮಿಲೇನಿಯಂ ಫಾಲ್ಕನ್, 1/144: 24 ಸೆಂ.ಮೀ.
ಪೋಲಾರ್ ಲೈಟ್ಸ್ ಎಂಟರ್‌ಪ್ರೈಸ್, 1/1000: 29 ಸೆಂ.ಮೀ.
ಬಂದಾಯ್ ಸ್ಟಾರ್ ಡೆಸ್ಟ್ರಾಯರ್, 1/5000: 32 ಸೆಂ.ಮೀ.

ಕೂಡಿಸಿದರೆ 121 ಸೆಂ.ಮೀ. ಈಗ ವಿಷಯಕ್ಕೆ ಬರ್ತೀನಿ. ತಿಂಗಳ ಕೊನೆಗೆ ನಾವು ಮನೆ ಬದಲಾಯಿಸ್ತಿದ್ದೀವಿ. ಅಪ್ಪನ ಪ್ರಿಂಟಿಂಗ್ ಪ್ರೆಸ್ ಮುಚ್ಚಿತು, ಕ್ಲಾಸಿನಲ್ಲಿ ಕೆಲವರಿಗೆ ಗೊತ್ತು. ಲಗ್ನಪತ್ರಿಕೆ ಈಗ ಎಲ್ಲರ ಫೋನಿಗೇ ಬರುತ್ತಲ್ಲ, ಹಾಗೆ. ಹೊಸ ಮನೇಲಿ ನನಗೆ ಸಿಗೋದು ಒಂದು ಗೋಡೆ ಶೆಲ್ಫು. ಅಗಲ 60 ಸೆಂ.ಮೀ. ಅಂದರೆ ಸರಿಯಾಗಿ ಅರ್ಧದಷ್ಟು ಉಳಿಯುತ್ತೆ, ಅರ್ಧದಷ್ಟು ಹೋಗುತ್ತೆ.

ಹಾಗಾಗಿ "ಯಾವುದು ಬೆಸ್ಟ್" ಅನ್ನೋದು ಈ ಸಲ ಸುಮ್ಮನೆ ಟೈಮ್‌ಪಾಸ್ ಪ್ರಶ್ನೆ ಅಲ್ಲ. ನನಗೂ ಉತ್ತರ ಬೇಕು.

ಪೋಸ್ಟ್ 2: 1/72 ಅಂದ್ರೆ ಏನು ಸ್ವಾಮಿ?

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಮೊದಲು ಇದು. 1/72 ಅಂದರೆ ನಿಜವಾದ ವಸ್ತುವಿನ 72 ಸೆಂಟಿಮೀಟರು ಮಾಡೆಲ್‌ನಲ್ಲಿ 1 ಸೆಂಟಿಮೀಟರು. ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಮಾಡೆಲ್ ಚಿಕ್ಕದು. ಇಷ್ಟೇ.

72 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದ್ರೆ, 6 ಅಡಿಯಲ್ಲಿ 72 ಇಂಚು. 6 ಅಡಿಗೆ 1 ಇಂಚು ಅನ್ನೋ ಲೆಕ್ಕ. ಆರಡಿ ಮನುಷ್ಯ ಒಂದು ಇಂಚಾಗ್ತಾನೆ. ಅದರ ಅರ್ಧ 1/144.

ಇದನ್ನ ಅಪ್ಪನಿಗೆ ಹೇಳಿದಾಗ ಅವರು ನಕ್ಕು, "ನಮ್ಮಲ್ಲೂ 72 ಇದೆಯಲ್ಲೋ" ಅಂದರು. ಕಂಪ್ಯೂಟರ್‌ನಲ್ಲಿ ಅಕ್ಷರದ ಸೈಜು ಪಾಯಿಂಟ್‌ನಲ್ಲಿ ಇರುತ್ತಲ್ಲ, ಆ ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ವಿಮಾನದ ಮಾಡೆಲ್ ಮಾಡೋರೂ ಅಚ್ಚುಮೊಳೆ ಜೋಡಿಸೋರೂ ಮಾತಾಡಿಕೊಂಡು ಹೀಗೆ ಮಾಡಿದ್ದಲ್ಲ. 12ರ ಮಗ್ಗಿಯಲ್ಲಿ ಎಣಿಸೋರು ಯಾರೇ ಆದರೂ 72ಕ್ಕೆ ಬಂದೇ ಬರ್ತಾರೆ, ಅಷ್ಟೆ.

ಪೋಸ್ಟ್ 3: ಅಕ್ಕಪಕ್ಕ ಇಟ್ಟರೆ ಮೋಸ

ಈ ಫೋಟೋ ನೋಡಿ. ಎಕ್ಸ್-ವಿಂಗ್ 17, ಎಕ್ಸಿಕ್ಯೂಟರ್ 19. ಅಣ್ಣತಮ್ಮಂದಿರ ಥರ ಕಾಣ್ತಿವೆ.

ಈಗ ಕಥೆಯೊಳಗಿನ ಅಳತೆ. ಎಕ್ಸ್-ವಿಂಗ್ ಉದ್ದ ಸುಮಾರು 12.5 ಮೀಟರ್, ಹೆಚ್ಚುಕಮ್ಮಿ ನಮ್ಮ ಕೆಂಪು ಬಸ್ಸಿನಷ್ಟು. ಶ್ರವಣಬೆಳಗೊಳದ ಗೊಮ್ಮಟ 57 ಅಡಿ. ಎಕ್ಸ್-ವಿಂಗನ್ನ ಮೂತಿ ಮೇಲೆ ಮಾಡಿ ಪಕ್ಕದಲ್ಲಿ ನಿಲ್ಲಿಸಿದರೆ ಅದು ಅವನ ಎದೆಮಟ್ಟಕ್ಕೆ ಬರುತ್ತೆ. ಎಕ್ಸಿಕ್ಯೂಟರ್ ಉದ್ದ 19 ಕಿಲೋಮೀಟರ್. ಬಸ್ಸಿನ ಪಕ್ಕ ಒಂದು ಇಡೀ ಊರು.

ಎಂಟರ್‌ಪ್ರೈಸ್ 289 ಮೀಟರ್. ಇಸ್ರೋದ ಎಲ್‌ವಿಎಂ3 ರಾಕೆಟ್ 43.5 ಮೀಟರ್ ಎತ್ತರ, ಅಂಥ ಆರೂವರೆ ರಾಕೆಟ್ ಉದ್ದಕ್ಕೆ ಮಲಗಿಸಬೇಕು. ಡೆಸ್ಟ್ರಾಯರ್ 1600 ಮೀಟರ್. ನನ್ನ ಡೆಸ್ಟ್ರಾಯರ್ ಪಕ್ಕ ಅದೇ 1/5000 ಸ್ಕೇಲಿನ ಫಾಲ್ಕನ್ ಇಡಬೇಕು ಅಂದರೆ ಅದು 7 ಮಿಲಿಮೀಟರ್ ಇರುತ್ತೆ. ಒಂದು ಅಕ್ಕಿಕಾಳು.

ಇನ್ನೊಂದು ಮಜಾ ಇದೆ. ಇಲ್ಲದ ನೌಕೆಯ ಅಳತೆ ಬದಲಾಗ್ತಾ ಇರುತ್ತೆ! ಎಕ್ಸಿಕ್ಯೂಟರ್‌ಗೆ ಹಳೆಯ ಪುಸ್ತಕಗಳಲ್ಲಿ 8 ಕಿಲೋಮೀಟರ್ ಅಂತಿತ್ತು. ಅಭಿಮಾನಿಗಳು ಸಿನಿಮಾದ ದೃಶ್ಯಗಳನ್ನ ಅಳೆದು ಅಳೆದು ವಾದ ಮಾಡಿದರು, ಅಂಕಿ ಏರ್ತಾ ಏರ್ತಾ ಕೊನೆಗೆ 19ಕ್ಕೆ ನಿಂತಿತು. ಅದೇ ಮಾಡೆಲನ್ನ 8 ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ ಸ್ಕೇಲು 1/42000ದ ಹತ್ತಿರ ಬರುತ್ತೆ. ಪ್ಲಾಸ್ಟಿಕ್ ಒಂದು ಕೂದಲಷ್ಟೂ ಬದಲಾಗಲ್ಲ, ಡಬ್ಬದ ಮೇಲಿನ ಸಂಖ್ಯೆ ಮಾತ್ರ ಬದಲಾಗುತ್ತೆ. ಹಾಗಾಗಿ ಕಾಲ್ಪನಿಕ ನೌಕೆಯ ಕಿಟ್ ತಗೊಳ್ಳುವಾಗ ಸ್ಕೇಲ್ ನಂಬಬೇಡಿ. ಸೆಂಟಿಮೀಟರ್ ನೋಡಿ, ಆಮೇಲೆ ನಿಮ್ಮ ಟೇಬಲ್ ನೋಡಿ.

(ಫಾಲ್ಕನ್ ಮಾತ್ರ ಸ್ವಲ್ಪ ಬೇರೆ ಕೇಸು. 1979ರಲ್ಲಿ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಅದನ್ನ ಪೂರ್ತಿ ಗಾತ್ರದಲ್ಲೇ ಕಟ್ಟಿದ್ದರು, ಎರಡನೇ ಸಿನಿಮಾಗೋಸ್ಕರ. ಹಡಗು ಕಟ್ಟೋ ಊರಲ್ಲಿ ಆಕಾಶನೌಕೆ!)

ಪೋಸ್ಟ್ 4: ಒಬ್ಬ ಮನುಷ್ಯನನ್ನ ಪಕ್ಕದಲ್ಲಿ ನಿಲ್ಲಿಸಿ

ಕಿಟ್ ಹೋಲಿಸೋಕೆ ನನಗೆ ಗೊತ್ತಿರೋ ಅತಿ ಸುಲಭ ದಾರಿ ಇದು. 1.7 ಮೀಟರ್ ಎತ್ತರದ ಒಬ್ಬ ಮನುಷ್ಯ. ಅಂದರೆ ನಾನೇ ಅಂದ್ಕೊಳ್ಳಿ.

1/72ರಲ್ಲಿ ನಾನು 23.6 ಮಿ.ಮೀ. ಹೆಬ್ಬೆರಳಿನ ತುದಿಗಿಣ್ಣಿನಷ್ಟು. ಮುಖಕ್ಕೆ ಬಣ್ಣ ಹಚ್ಚಬಹುದು.
1/144ರಲ್ಲಿ 11.8 ಮಿ.ಮೀ. ಕೈಕಾಲು ಗೊತ್ತಾಗುತ್ತೆ, ಮುಖ ಇಲ್ಲ.
1/1000ದಲ್ಲಿ 1.7 ಮಿ.ಮೀ. ಸಾಸಿವೆ ಕಾಳು.
1/5000ದಲ್ಲಿ 0.34 ಮಿ.ಮೀ. ಪೆನ್ ಪೆನ್ಸಿಲ್‌ನ 0.5 ಕಡ್ಡಿಗಿಂತ ಸಣ್ಣ ಚುಕ್ಕಿ.
1/100000ದಲ್ಲಿ 0.017 ಮಿ.ಮೀ. ತಲೆಕೂದಲಿನ ದಪ್ಪದ ಕಾಲು ಭಾಗ.

ನೋಡಿ, ಎಕ್ಸ್-ವಿಂಗ್‌ನಲ್ಲಿ ಪೈಲಟ್ ಇದ್ದಾನೆ, ಸೀಟಿದೆ. ಅದು "ಯಾರೋ ಕೂತಿರೋ ವಸ್ತು". ಎಕ್ಸಿಕ್ಯೂಟರ್‌ನಲ್ಲಿ ಲಕ್ಷಾಂತರ ಜನ ಇದ್ದರೂ ಒಬ್ಬನೂ ಇಲ್ಲ. ಅದು ಭೂಪಟ. ಎರಡನ್ನೂ "ಡೀಟೇಲ್ ಚೆನ್ನಾಗಿದೆ" ಅಂತ ಒಂದೇ ಬಾಯಲ್ಲಿ ಹೇಳೋದು ನನಗೆ ಒಪ್ಪಿಗೆ ಇಲ್ಲ.

ಪೋಸ್ಟ್ 5: ಗೆರೆಯ ಲೆಕ್ಕ

ಕಿಟ್ ರಿವ್ಯೂಗಳಲ್ಲಿ "ಪ್ಯಾನೆಲ್ ಲೈನ್ ಸೂಪರ್" ಅಂತಾರಲ್ಲ, ಮೈಮೇಲೆ ತಗಡು ಜೋಡಿಸಿದ ಹಾಗೆ ಕಾಣೋ ಗೆರೆಗಳು. ಗೆರೆ 0.2 ಮಿಲಿಮೀಟರ್ ಅಗಲ ಇದೆ ಅಂದ್ಕೊಳ್ಳಿ. ಅದೇ ಗೆರೆ ನಿಜವಾದ ನೌಕೆಯಲ್ಲಿ ಎಷ್ಟು ಅಗಲ?

ಎಕ್ಸ್-ವಿಂಗ್‌ನಲ್ಲಿ ಒಂದೂವರೆ ಸೆಂಟಿಮೀಟರ್‌ಗಿಂತ ಕಮ್ಮಿ. ಸರಿ, ಒಪ್ಪಬಹುದು. ಫಾಲ್ಕನ್‌ನಲ್ಲಿ ಸುಮಾರು 3 ಸೆಂಟಿಮೀಟರ್. ಹಳೇ ಡಕೋಟಾ ನೌಕೆ, ಓಕೆ. ಎಂಟರ್‌ಪ್ರೈಸ್‌ನಲ್ಲಿ 20 ಸೆಂಟಿಮೀಟರ್. ಕಾಲು ಸಿಕ್ಕಿಹಾಕ್ಕೊಳ್ಳುತ್ತೆ. ಡೆಸ್ಟ್ರಾಯರ್‌ನಲ್ಲಿ 1 ಮೀಟರ್. ಅದು ಗೆರೆ ಅಲ್ಲ, ಚರಂಡಿ. ಎಕ್ಸಿಕ್ಯೂಟರ್‌ನಲ್ಲಿ 20 ಮೀಟರ್. ಅದು ರಿಂಗ್ ರೋಡ್!

ಅಂದರೆ ಸ್ಕೇಲ್ ಚಿಕ್ಕದಾದಷ್ಟೂ ತಯಾರಕರು ಹೆಚ್ಚು ಸುಳ್ಳು ಹೇಳಬೇಕಾಗುತ್ತೆ. ನಿಜವಾದ ಅಳತೆಗೆ ಗೆರೆ ಕೊರೆದರೆ ಕಾಣೋದೇ ಇಲ್ಲ. ಕಾಣಲಿ ಅಂತ ದಪ್ಪ ಮಾಡ್ತಾರೆ. ಜಾಸ್ತಿ ಗೆರೆ ಇದ್ದ ತಕ್ಷಣ ಜಾಸ್ತಿ ನಿಖರ ಅಲ್ಲ. ಡೀಟೇಲ್ ಬೇರೆ, ನಿಖರತೆ ಬೇರೆ. ಸ್ಕ್ರೀನ್‌ಶಾಟ್ ತಗೊಳ್ಳಿ ಬೇಕಾದರೆ.

ಪೋಸ್ಟ್ 6: ಅಪ್ಪನ ಲೂಪ್

ಈ ಫೋಟೋದಲ್ಲಿ ಡೆಸ್ಟ್ರಾಯರ್ ಮೇಲೆ ಕೂತಿರೋ ಹಿತ್ತಾಳೆ ಮಡಿಚು ಡಬ್ಬಿ ಏನು ಅಂತ ಎಷ್ಟೋ ಜನ ಕೇಳಿದಿರಿ. ಅದು ಪ್ರೆಸ್‌ನವರ ಲೂಪ್, ಭೂತಕನ್ನಡಿ. ಅಚ್ಚಾದ ಹಾಳೆ ಮೇಲಿಟ್ಟು ಬಣ್ಣ ಸರಿಯಾಗಿ ಕೂತಿದೆಯಾ ನೋಡೋದು. ಮೆಷಿನ್ನು ತೂಕಕ್ಕೆ ಹೋಯ್ತು. ಕಟಿಂಗ್ ಮೆಷಿನ್ನೂ ಹೋಯ್ತು. ಅಪ್ಪ ಮನೆಗೆ ತಂದಿದ್ದು ಎರಡೇ: ಈ ಲೂಪು, ಮತ್ತೆ ತಾತನ ಕಾಲದ ಮೊಳೆ ಜೋಡಿಸೋ ಸ್ಟಿಕ್ಕು.

ಐದೂ ಕಿಟ್‌ಗಳನ್ನ ಅಪ್ಪ ಲೂಪ್‌ನಲ್ಲಿ ನೋಡಿದರು. ಮುಕ್ಕಾಲು ಗಂಟೆ. ಪ್ರೆಸ್ ಮುಚ್ಚಿದ ಮೇಲೆ ಅವರು ಯಾವುದನ್ನೂ ಅಷ್ಟು ಹೊತ್ತು ನೋಡಿದ್ದು ನಾನು ಕಂಡಿರಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದೂರದಿಂದ ನೋಡ್ತೀಯ?"

ಅವರ ಲೆಕ್ಕ ಹೀಗಿದೆ. ಪೇಪರಿನ ಫೋಟೋ ಅಂದರೆ ಬರೀ ಚುಕ್ಕಿಗಳು. ನ್ಯೂಸ್‌ಪ್ರಿಂಟ್‌ನಲ್ಲಿ ಇಂಚಿಗೆ 85ರಿಂದ 100 ಸಾಲು ಚುಕ್ಕಿ, ಹತ್ತಿರ ಹಿಡಿದರೆ ಕಣ್ಣಿಗೇ ಕಾಣುತ್ತೆ. ಆರ್ಟ್ ಪೇಪರ್‌ನಲ್ಲಿ 150ರಿಂದ 175, ಲೂಪ್ ಬೇಕು. ಓದೋನು ಎಷ್ಟು ದೂರ ಹಿಡ್ಕೊಳ್ತಾನೆ ಅನ್ನೋದರ ಮೇಲೆ ಚುಕ್ಕಿ ನಿರ್ಧಾರ. "ರಸ್ತೆ ಬದಿ ಫ್ಲೆಕ್ಸಿಗೆ ಅಷ್ಟು ಸಣ್ಣ ಚುಕ್ಕಿ ಹಾಕಿದರೆ ಇಂಕು ದಂಡ, ನೋಡೋಕೆ ಯಾರೂ ಅಷ್ಟು ಹತ್ತಿರ ಬರಲ್ಲ."

ನಾನು ಸೈನ್ಸ್ ಹುಡುಗ, ಸಂಖ್ಯೆಗೆ ಇಳಿಸಿದೆ. ಆರೋಗ್ಯವಾದ ಕಣ್ಣು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವನ್ನ ಬೇರೆ ಮಾಡಿ ನೋಡಬಲ್ಲದು. ಅಂದರೆ 30 ಸೆಂಟಿಮೀಟರ್ ದೂರದಲ್ಲಿ 0.09 ಮಿಲಿಮೀಟರ್. 1.5 ಮೀಟರ್ ದೂರದಲ್ಲಿ 0.44 ಮಿಲಿಮೀಟರ್.

ಹೊಸ ಮನೆಯ ಶೆಲ್ಫು ತಂಗಿ ಓದೋ ಟೇಬಲ್ಲಿನ ಆ ಕಡೆ ಇದೆ. ನಾನು ಕೂರೋ ಜಾಗದಿಂದ ಒಂದೂವರೆ ಮೀಟರ್. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ, ಟೇಬಲ್ ಮೇಲೆ ಹತ್ತಿ ನೋಡೋ ಹಾಗಿಲ್ಲ!

ಪೋಸ್ಟ್ 7: ಟ್ಯಾಂಕಿನ ತುಂಡುಗಳು

ಈಗ ಫಾಲ್ಕನ್ ಕ್ಲೋಸಪ್. ಪೈಪು, ಡಬ್ಬ, ಚಕ್ರ, ಹಲ್ಲು, ಏನೇನೋ. ಯಾವುದು ಯಾವ ಕೆಲಸಕ್ಕೆ ಅಂತ ಕೇಳಬೇಡಿ, ಮಾಡಿದವರಿಗೂ ಹೆಚ್ಚೇನೂ ಯೋಚನೆ ಇರಲಿಲ್ಲ.

1977ರ ಸಿನಿಮಾಗೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಹುಡುಗರು ಸ್ಟುಡಿಯೋ ಮಾಡೆಲ್ ಮಾಡುವಾಗ ಅಂಗಡಿಯಲ್ಲಿ ಸಿಗೋ ಟ್ಯಾಂಕು, ಯುದ್ಧನೌಕೆ, ಕಾರುಗಳ ಕಿಟ್ ರಾಶಿ ರಾಶಿ ಕೊಂಡು, ಬಿಡಿಭಾಗಗಳನ್ನ ಕಿತ್ತು ಮೈತುಂಬ ಅಂಟಿಸಿದರು. ಇದಕ್ಕೆ ಕಿಟ್‌ಬ್ಯಾಶಿಂಗ್ ಅಂತಾರೆ, ಆ ತುಂಡುಗಳಿಗೆ ಗ್ರೀಬಲ್ ಅಂತಾರೆ. ಮೊದಲ ಫಾಲ್ಕನ್ ಮಾಡೆಲ್ ಸುಮಾರು 5 ಅಡಿ ಇತ್ತು.

ಯಾಕೆ ಅಂಟಿಸಿದರು? ನಮ್ಮ ಕಣ್ಣು ಗಾತ್ರವನ್ನ ಸಣ್ಣ ವಸ್ತುಗಳಿಂದ ಊಹಿಸುತ್ತೆ. ಬೋಳು ಗೋಡೆ ಎಷ್ಟು ದೊಡ್ಡದು ಅಂತ ಹೇಳೋಕಾಗಲ್ಲ, ಅದರಲ್ಲಿ ಒಂದು ಕಿಟಕಿ ಬಿಡಿಸಿದರೆ ಗೊತ್ತಾಗುತ್ತೆ. ಆ ಸಿನಿಮಾ ಶುರುವಾದಾಗ ತಲೆಮೇಲೆ ಹಾದುಹೋಗಿ ಮುಗಿಯೋದೇ ಇಲ್ಲವಲ್ಲ, ಆ ಡೆಸ್ಟ್ರಾಯರ್ ಮಾಡೆಲ್ ಬರೀ 3 ಅಡಿ ಚಿಲ್ಲರೆ ಇತ್ತು. 1980ರ ಎರಡನೇ ಸಿನಿಮಾಗೆ ಸುಮಾರು 8 ಅಡಿಯದನ್ನ ಮಾಡಿದರು. ಎರಡೂ 1600 ಮೀಟರ್ ಅಂತ ನಾವು ನಂಬಿದ್ದು ಗ್ರೀಬಲ್‌ಗಳ ದಯೆಯಿಂದ.

ಈಗ ಚಕ್ರ ಪೂರ್ತಿ ಸುತ್ತಿದೆ. ಬಂದಾಯ್‌ನವರು ಆ ಸ್ಟುಡಿಯೋ ಮಾಡೆಲ್‌ಗಳನ್ನ ನೋಡಿ ಕಿಟ್ ಮಾಡಿದರು. 2017ರ 1/72 ಪರ್ಫೆಕ್ಟ್ ಗ್ರೇಡ್ ಫಾಲ್ಕನ್ ಆ 5 ಅಡಿ ಮಾಡೆಲನ್ನೇ ಅನುಸರಿಸಿದ್ದು. ಕಿಟ್‌ನ ತುಂಡು ಸಿನಿಮಾಗೆ ಹೋಗಿ, ಸಿನಿಮಾದಿಂದ ತಿರುಗಿ ಕಿಟ್‌ಗೆ ಬಂದಿದೆ. ಅಪ್ಪನಿಗೆ ಇದು ತುಂಬಾ ಹಿಡಿಸಿತು. ಹಳೇ ಬ್ಲಾಕಿಂದ ಹೊಸ ಬ್ಲಾಕ್ ಮಾಡಿದ ಹಾಗೆ ಅಂದರು.

ಪೋಸ್ಟ್ 8: ಬೋಳು ನೌಕೆಯ ಪರವಾಗಿ

ಎಂಟರ್‌ಪ್ರೈಸ್ ಫೋಟೋ ಹಾಕಿದಾಗಲೆಲ್ಲ "ಬ್ರೋ ಇದೇನು ಇಷ್ಟು ಪ್ಲೇನ್" ಅಂತ ಕಾಮೆಂಟ್ ಬರುತ್ತೆ. ಉತ್ತರ ತಗೊಳ್ಳಿ.

1960ರ ದಶಕದಲ್ಲಿ ಇದನ್ನ ವಿನ್ಯಾಸ ಮಾಡಿದವರು ಮ್ಯಾಟ್ ಜೆಫ್ರೀಸ್. ಅವರಿಗೆ ವಿಮಾನಗಳ ಗೀಳು ಇತ್ತು. ಹೊರಮೈ ನುಣುಪಾಗೇ ಇರಬೇಕು ಅಂತ ಪಟ್ಟು ಹಿಡಿದರು. ಕಾರಣ ಸಿಂಪಲ್: ಕೆಟ್ಟುಹೋಗೋ ಯಂತ್ರಗಳನ್ನ ಯಾರಾದರೂ ಹೊರಗೆ ಇಡ್ತಾರಾ? ರಿಪೇರಿಗೆ ಪ್ರತಿಸಲ ಬಾಹ್ಯಾಕಾಶಕ್ಕೆ ಇಳಿಯಬೇಕಾ? ಒಳಗಿಡಿ, ಒಳಗಿಂದಲೇ ಸರಿಮಾಡಿ.

ಧಾರಾವಾಹಿಯಲ್ಲಿ ಬಳಸಿದ 11 ಅಡಿ ಮಾಡೆಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿದೆ. ಅದರ ತಟ್ಟೆಯ ಮೇಲಿನ ಗೆರೆಗಳನ್ನ ಕೊರೆದಿಲ್ಲ, ಪೆನ್ಸಿಲ್‌ನಲ್ಲಿ ಎಳೆದಿದ್ದಾರೆ. ಹಾಗಾದರೆ 29 ಸೆಂಟಿಮೀಟರ್ ಕಿಟ್ ಮೇಲೆ ಆಳವಾದ ಗೆರೆ ಇದ್ದರೆ ಅದು ಹೆಚ್ಚು ಡೀಟೇಲಾ, ಕಮ್ಮಿ ನಿಜವಾ? ಈ ನೌಕೆಯಲ್ಲಿ ಏನೂ ಇಲ್ಲದಿರೋದೇ ವಿವರ. ಅದಕ್ಕೇ ಇದನ್ನ ಚೆನ್ನಾಗಿ ಮಾಡೋದು ಕಷ್ಟ. ಜೋಡಣೆಯ ಸಂದು ಕಂಡರೆ ಮುಚ್ಚೋಕೆ ಗ್ರೀಬಲ್ ಇಲ್ಲ, ಮರಳು ಕಾಗದ ಹಿಡಿದು ಉಜ್ಜಲೇಬೇಕು.

ಪೋಸ್ಟ್ 9: ಸ್ಕೇಲ್ ಅಂದರೆ ಸೀಟು

ಅಪ್ಪನ "ಎಷ್ಟು ದೂರದಿಂದ" ಪ್ರಶ್ನೆಯನ್ನ ತಿರುಗಿಸಿ ನೋಡಿ. ಮಾಡೆಲನ್ನ 50 ಸೆಂಟಿಮೀಟರ್ ದೂರ ಹಿಡಿದರೆ, ನಿಜವಾದ ನೌಕೆಯಿಂದ ನಾವು ಎಷ್ಟು ದೂರ ನಿಂತ ಹಾಗೆ?

ಎಕ್ಸ್-ವಿಂಗ್: 36 ಮೀಟರ್. ಬಸ್ ಸ್ಟ್ಯಾಂಡಿನ ಈ ತುದಿ.
ಫಾಲ್ಕನ್: 72 ಮೀಟರ್. ಕ್ರಿಕೆಟ್ ಮೈದಾನದ ಮಧ್ಯದಿಂದ ಬೌಂಡರಿ.
ಎಂಟರ್‌ಪ್ರೈಸ್: ಅರ್ಧ ಕಿಲೋಮೀಟರ್.
ಡೆಸ್ಟ್ರಾಯರ್: ಎರಡೂವರೆ ಕಿಲೋಮೀಟರ್.
ಎಕ್ಸಿಕ್ಯೂಟರ್: 50 ಕಿಲೋಮೀಟರ್.

ಕಿಟ್ ಕೊಳ್ಳೋದು ಅಂದರೆ ಟಿಕೆಟ್ ಕೊಂಡ ಹಾಗೆ. ಮುಂದಿನ ಸೀಟಾ, ಬಾಲ್ಕನಿಯಾ? ಮುಂದಿನ ಸೀಟಿಂದ ಪೈಲಟ್‌ನ ಹೆಲ್ಮೆಟ್ ಕಾಣುತ್ತೆ. ಬಾಲ್ಕನಿಯಿಂದ ಇಡೀ ಆಕಾರ ಕಾಣುತ್ತೆ. ಎರಡೂ ಒಂದೇ ಟಿಕೆಟ್‌ನಲ್ಲಿ ಬೇಕು ಅಂದರೆ ದುಡ್ಡೂ ಜಾಗವೂ ತುಂಬಾ ಬೇಕು.

ಪೋಸ್ಟ್ 10: ಹಾಗಾದ್ರೆ ನಾನು ಏನು ತಗೊಳ್ಳಲಿ?

ದೊಡ್ಡದಕ್ಕೆ ಆಸೆ ಪಡೋರಿಗೆ ಒಂದು ಗಣಿತ. 1/144 ಫಾಲ್ಕನ್ 24 ಸೆಂಟಿಮೀಟರ್, 1/72 ಸುಮಾರು 48. "ಎರಡು ಪಟ್ಟು ತಾನೇ" ಅನ್ನಬೇಡಿ. ಉದ್ದ 2 ಪಟ್ಟು, ಬಣ್ಣ ಹಚ್ಚೋ ಮೈ 4 ಪಟ್ಟು, ಅದು ತುಂಬೋ ಜಾಗ 8 ಪಟ್ಟು. ಧೂಳು ಒರೆಸೋದೂ 4 ಪಟ್ಟು. ಡೆಸ್ಟ್ರಾಯರ್‌ನಲ್ಲೂ ಹಾಗೇ. ಬಂದಾಯ್ 1/5000 ಅಂದರೆ 32 ಸೆಂಟಿಮೀಟರ್, ರಷ್ಯಾದ ಜ್ವೆಜ್ದಾ ಕಂಪನಿಯ 1/2700 ಅಂದರೆ ಸುಮಾರು 60. ಮೇಲ್ಮೈ ಲೆಕ್ಕ ಹಾಕಿದರೆ ಮೂರೂವರೆ ಪಟ್ಟಿನ ಹತ್ತಿರ. ಜ್ವೆಜ್ದಾದ ಒಂದೇ ಡೆಸ್ಟ್ರಾಯರ್ ನನ್ನ ಹೊಸ ಶೆಲ್ಫಿನ ಉದ್ದ!

ಮೊದಲ ಕಿಟ್ ಮಾಡೋರಿಗೆ: ಎಕ್ಸ್-ವಿಂಗ್. ಅಂಟು ಬೇಡ, ಬಿಡಿಭಾಗಗಳು ಬೇರೆ ಬೇರೆ ಬಣ್ಣದಲ್ಲೇ ಬರುತ್ತವೆ, ಒಂದು ಭಾನುವಾರ ಸಾಕು.
ಬಣ್ಣ, ಕೊಳೆ, ತುಕ್ಕು ಹಚ್ಚಿ ಆಡೋ ಆಸೆ ಇರೋರಿಗೆ: ಫಾಲ್ಕನ್. ಎಷ್ಟು ಕೊಳಕಾದರೂ ಅದಕ್ಕೆ ಶೋಭೆಯೇ.
ತಾಳ್ಮೆ ಕಲೀಬೇಕು ಅನ್ನೋರಿಗೆ: ಎಂಟರ್‌ಪ್ರೈಸ್.
ಕೈಗೆ ಸಿಗೋ ಹಾಗೆ ಟೇಬಲ್ ಮೇಲೇ ಇಟ್ಟು, ಮುಖ ಹತ್ತಿರ ತಗೊಂಡು ಹೋಗಿ ನೋಡೋರಿಗೆ: ಡೆಸ್ಟ್ರಾಯರ್.
ಜೇಬು ಖಾಲಿ, ಹಾಸ್ಟೆಲ್ ರೂಮು: ಎಕ್ಸಿಕ್ಯೂಟರ್. ಅಂಗೈಯಲ್ಲಿ 19 ಕಿಲೋಮೀಟರ್.

ಪೋಸ್ಟ್ 11: ಉಳಿದವು

ಒಂದೂವರೆ ಮೀಟರ್ ದೂರದಿಂದ ನನಗೆ ಕಾಣೋ ಅತಿ ಸಣ್ಣದು 0.44 ಮಿಲಿಮೀಟರ್ ಅಂದೆನಲ್ಲ. ಡೆಸ್ಟ್ರಾಯರ್‌ನ ಮೈಮೇಲಿನ ಕಾಲುಭಾಗ ಕೆಲಸ ಆ ದೂರದಲ್ಲಿ ಬೂದು ಬಣ್ಣವಾಗಿ ಕರಗಿಹೋಗುತ್ತೆ. ನನ್ನ ಹತ್ತಿರ ಇರೋದರಲ್ಲಿ ಅತಿ ಹೆಚ್ಚು ವಿವರ ಇರೋದು ಅದಕ್ಕೇ, ಅತಿ ಹೆಚ್ಚು ಬೆಲೆಯೂ ಅದಕ್ಕೇ. ಹಾಗಾಗಿ ಅದು ಮಾರಾಟಕ್ಕಿದೆ. ಬಂದ ದುಡ್ಡಲ್ಲಿ ಸಾಮಾನು ಸಾಗಿಸೋ ಟೆಂಪೋ ಬಾಡಿಗೆಗೆ ನನ್ನ ಪಾಲು ಕೊಡ್ತೀನಿ ಅಂತ ಅಪ್ಪನಿಗೆ ಹೇಳಿದೀನಿ. ಅವರು ಬೇಡ ಅನ್ನಲಿಲ್ಲ. ಮೊದಲಾಗಿದ್ದರೆ ಅಂತಿದ್ದರು. ಅವರು ಹೂಂ ಅಂದಾಗ ನನಗೆ ಒಂದು ಕ್ಷಣ ಹೊಟ್ಟೆಯೊಳಗೆ ಏನೋ ಆಯ್ತು, ಆಮೇಲೆ ಖುಷಿಯೇ ಆಯ್ತು. ನಿಮಗೆ ಅರ್ಥ ಆಗುತ್ತೆ ಅಂದ್ಕೊಂಡಿದೀನಿ.

ಎಕ್ಸ್-ವಿಂಗ್ ಹಳೇ ಮನೆಯ ಮಾಲೀಕರ ಮೊಮ್ಮಗನಿಗೆ. ಐದನೇ ಕ್ಲಾಸು. ಅವನು ಅದನ್ನ ಶೋಕೇಸಲ್ಲಿ ಇಡಲ್ಲ, ಹಾರಿಸ್ತಾನೆ, ರೆಕ್ಕೆ ಮುರಿಯುತ್ತೆ. ಪರವಾಗಿಲ್ಲ, 36 ಮೀಟರ್ ಹತ್ತಿರದ ಸೀಟು ಅಂಥವನಿಗೇ ಸರಿ. ಎಕ್ಸಿಕ್ಯೂಟರ್ ತಂಗಿ ಕೇಳಿಕೊಂಡಳು, ನೋಟ್ಸ್ ಹಾರದ ಹಾಗೆ ಇಡೋಕೆ. ಚಕ್ರವರ್ತಿಯ ಸೇನೆಯ ಮಹಾನೌಕೆ ಈಗ ಸಮಾಜ ವಿಜ್ಞಾನದ ಕೆಲಸಕ್ಕೆ.

ಉಳಿದಿದ್ದು ಫಾಲ್ಕನ್ 24, ಎಂಟರ್‌ಪ್ರೈಸ್ 29. ಒಂದು ಎಲ್ಲವನ್ನೂ ಹೊರಗೆ ಹಾಕ್ಕೊಂಡಿದೆ, ಇನ್ನೊಂದು ಎಲ್ಲವನ್ನೂ ಒಳಗೆ ಇಟ್ಕೊಂಡಿದೆ. ಎರಡೂ ಒಂದೂವರೆ ಮೀಟರ್ ದೂರದಿಂದಲೂ, ದೀಪ ಆರಿಸಿದರೂ, ಬರೀ ನೆರಳಲ್ಲೇ ಯಾರು ಅಂತ ಗೊತ್ತಾಗುತ್ತೆ. ಕೊನೆಗೆ ನಾನು ಗಾತ್ರಕ್ಕೂ ಓಟು ಹಾಕಲಿಲ್ಲ, ಡೀಟೇಲಿಗೂ ಹಾಕಲಿಲ್ಲ. ನಾನು ಕೂರೋ ಜಾಗಕ್ಕೆ ಹಾಕಿದೆ. ನೀವು ಕೂರೋ ಜಾಗ ಬೇರೆ, ನಿಮ್ಮ ಉತ್ತರವೂ ಬೇರೆ ಇರಲಿ.

24, 29 ಕೂಡಿದರೆ 53. ಇನ್ನೂ 7 ಸೆಂಟಿಮೀಟರ್ ಇದೆ. ಅಲ್ಲಿ ಲೂಪ್ ಇಡ್ತೀನಿ, ಅಪ್ಪ ಒಪ್ಪಿದ್ದಾರೆ. ಆದರೆ ಒಂದು ಷರತ್ತು: ವಾರಕ್ಕೊಮ್ಮೆ ಇಳಿಸಿ ಒರೆಸಬೇಕು, ಮತ್ತೆ ಅವರು ಕೇಳಿದಾಗ ಕೊಡಬೇಕು.

ಡೆಸ್ಟ್ರಾಯರ್ ಬೇಕಾದವರು ಡಿಎಂ ಮಾಡಿ. ಡಬ್ಬ ಇದೆ, ಸ್ಟ್ಯಾಂಡ್ ಇದೆ, ಕೊರಿಯರ್ ಮಾಡಲ್ಲ, ಬಂದೇ ತಗೊಂಡು ಹೋಗಬೇಕು. ಟೇಬಲ್ ಇರೋರಿಗೆ ಆದ್ಯತೆ. ಶೆಲ್ಫ್ ಮಾತ್ರ ಇರೋರು ಪೋಸ್ಟ್ 6 ಇನ್ನೊಂದ್ಸಲ ಓದಿ ಬನ್ನಿ 🙂

#ಸ್ಕೇಲ್_ಮಾಡೆಲ್ #ನೌಕೆ_ಅಳತೆ #ಕನ್ನಡದಲ್ಲಿ_ಕಿಟ್ #60ಸೆಂಟಿಮೀಟರ್